ಅಪ್ಪ ಮೆಟ್ಟಿಲ ಮೇಲೆ ಕೂತ ಸಂಜೆಗಳು

ಹದಿನಾರು ತುಂಬುವ ಮೊದಲೇ ನನ್ನ ಅಣ್ಣನನ್ನು ಪೊಲೀಸರು ಹಿಡಿದರು. ನನಗಾಗ ಹನ್ನೆರಡು. ನಾಸಿಕದ ಸಾತಪುರದಲ್ಲಿ ಬಾಡಿಗೆಗಿದ್ದೆವು. ಅಪ್ಪ ಅಲ್ಲಿನ ಕಾರ್ಖಾನೆಯೊಂದರಲ್ಲಿ ಲೇಥ್ ಕೆಲಸ ಮಾಡುತ್ತಿದ್ದರು. ಅಣ್ಣ, ನಾನು ಇಬ್ಬರೂ ಮರಾಠಿಯಲ್ಲೇ ಬೆಳೆದವರು. ಅಪ್ಪನ ವಿಜಯಪುರದ ಕನ್ನಡ ನಮ್ಮ ಕಿವಿಗೆ ಹೆಚ್ಚಾಗಿ ಬೀಳುತ್ತಿದ್ದುದು ಅವರಿಗೆ ಸಿಟ್ಟು ಬಂದಾಗ. ಸಿಟ್ಟು ಬಂದರೆ ಬೆಲ್ಟು ಕೈಗೆ ಬರುತ್ತಿತ್ತು. ನನ್ನನ್ನು ಮುಟ್ಟುತ್ತಿರಲಿಲ್ಲ. ಏಟು ತಿಂದ ಮರುದಿನ ಅಣ್ಣ ಶಾಲೆಯಲ್ಲಿ ಯಾರಿಗಾದರೂ ಹೊಡೆದು ಬರುತ್ತಿದ್ದ. ಆ ದೂರು ಮನೆಗೆ ಬಂದರೆ ಮತ್ತೆ ಬೆಲ್ಟು.

ದೂರವಿದ್ದರೆ ಇಬ್ಬರೂ ತಣ್ಣಗಾಗಬಹುದೆಂದು ಅವ್ವ ಅವನನ್ನು ಸಂಭಾಜಿನಗರಕ್ಕೆ, ಗಾರೆ ಕೆಲಸ ಮಾಡುವ ಸೋದರಮಾವನ ಮನೆಗೆ ಕಳಿಸಿದಳು. ಎರಡೇ ತಿಂಗಳು. ಗೆಳೆಯರ ಜೊತೆ ಯಾರದೋ ಬೈಕು ಕದ್ದು ಸಿಲ್ಲೋಡ್ ದಾರಿಯಲ್ಲಿ ಸಿಕ್ಕಿಬಿದ್ದ. ಅವನನ್ನು ಬಾಲಮಂದಿರದಲ್ಲಿ ಇಟ್ಟರು.

ನೋಡಲು ಹೊರಟ ಅಪ್ಪನ ಜೊತೆ ಅವ್ವ ನನ್ನನ್ನೂ ಕಳಿಸಿದಳು. “ನೀ ಬಾಜೂಕ ಇದ್ರ ಕೈ ಎತ್ತಂಗಿಲ್ಲ,” ಅಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಪ್ಪ ಎರಡೂ ಕೈಗಳನ್ನು ಮೊಣಕಾಲುಗಳ ನಡುವೆ ಒತ್ತಿಕೊಂಡು ಕೂತಿದ್ದರು.

ಬಾಲಮಂದಿರದ ಮೇಡಂ ಅಣ್ಣನನ್ನು ನಮ್ಮೆದುರು ಕೂರಿಸಿ, ಮನೆಯಲ್ಲಿ ಹೊಡೆಯುವವರು ಯಾರಾದರೂ ಇದ್ದಾರಾ ಎಂದು ಮರಾಠಿಯಲ್ಲಿ ಕೇಳಿದರು.

ಅವನು ನೆಲ ನೋಡುತ್ತ, “ಯಾರೂ ಇಲ್ಲ,” ಅಂದ.

ಅಪ್ಪ ಮರಾಠಿ ಮರೆತವರಂತೆ ಕನ್ನಡದಲ್ಲೇ ಶುರುಮಾಡಿದರು. “ಸುಳ್ಳ ಹೇಳ್ತಾನ್ರಿ. ನಾನ ಹೊಡೀತೀನಿ. ನಮ್ಮಪ್ಪ ನನಗ ಹೊಡೀತಿದ್ದ. ನನಗ ಬ್ಯಾರೆ ಗೊತ್ತಿಲ್ರಿ.”

ಮೇಡಂ ನನ್ನ ಮುಖ ನೋಡಿದರು. ನಾನು ಒಂದೊಂದೇ ವಾಕ್ಯವನ್ನು ಮರಾಠಿಗೆ ತಂದೆ. ಕೊನೆಯದಕ್ಕೆ ಬರುವಷ್ಟರಲ್ಲಿ ಅಣ್ಣ ತಲೆಯೆತ್ತಿ ಅಪ್ಪನನ್ನೇ ನೋಡುತ್ತಿದ್ದ.

ಬಾಲಮಂದಿರದಿಂದ ಬಿಟ್ಟು ಅವನು ನಾಸಿಕದ ಮನೆಗೆ ಬಂದ ಮೇಲೆ ಅಪ್ಪ ಕಾರ್ಖಾನೆಯ ಸಾಹೇಬರನ್ನು ಕೇಳಿಕೊಂಡು ಬೆಳಗಿನ ಪಾಳಿಯನ್ನಷ್ಟೇ ಹಾಕಿಸಿಕೊಂಡರು. ನಾಲ್ಕು ಗಂಟೆಗೆಲ್ಲ ಮನೆಯಲ್ಲಿರುತ್ತಿದ್ದರು. ಒಂದು ಸಂಜೆ ಅಣ್ಣ ಏನೋ ಎದುರುತ್ತರ ಕೊಟ್ಟ. ಅಪ್ಪ ತಟ್ಟನೆ ಎದ್ದು ಚಪ್ಪಲಿ ಮೆಟ್ಟಿದರು.

“ಎಲ್ಲಿ ಹೊಂಟಿ ಅಪ್ಪಾ?” ನಾನು ಕೇಳಿದೆ.

“ಸಿಟ್ಟ ಬಂದೈತಿ. ಇಳದ ಮ್ಯಾಲೆ ಬರ್ತೀನಿ.”

ಕೆಳಗಿನ ಮೆಟ್ಟಿಲ ಮೇಲೆ ಹೋಗಿ ಕೂತರು. ಬಂದು ಹೋಗುವವರು ಅವರನ್ನು ದಾಟಿಕೊಂಡೇ ಹತ್ತಿಳಿಯಬೇಕಿತ್ತು. ವಾರಕ್ಕೆ ಎರಡು ಸಲ, ಮೂರು ಸಲ ಹೀಗಾಗುತ್ತಿತ್ತು. ಒಮ್ಮೆ ಮಾತ್ರ ತಪ್ಪಿದರು. ಅಣ್ಣನ ಬೆನ್ನಿಗೆ ಒಂದೇಟು ಬಿತ್ತು. ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ. ಅಣ್ಣನೇ ತಾಟು ತಂದು ಮುಂದಿಟ್ಟ.

ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ಅಣ್ಣ ಗಣಿತದಲ್ಲಿ ಫೇಲಾಗಿದ್ದ. ಪಕ್ಕದ ಮನೆಯ ಹುಡುಗನೊಬ್ಬ ನಕ್ಕ. ಅಣ್ಣನ ಮುಷ್ಟಿ ಬಿಗಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅಣ್ಣ ದಡದಡ ಮೆಟ್ಟಿಲಿಳಿದು ಹೋಗುತ್ತಿದ್ದ. ಹಿಂದೆ ಹೊರಟ ಅವ್ವನನ್ನು ಅಪ್ಪ ತಡೆದರು. “ಬಿಡು, ಬರ್ತಾನ.”

ಅರ್ಧ ತಾಸಿಗೆ ಬಂದ. ಕಣ್ಣು ಕೆಂಪಾಗಿದ್ದವು. ಯಾವಾಗಲೂ ಮರಾಠಿಯಾಡುವ ಹುಡುಗ ಅಪ್ಪನ ಹತ್ತಿರ ಕೂತು ತೊದಲು ಕನ್ನಡದಲ್ಲಿ, “ಮತ್ತ ಕೂಡ್ತೀನಿ ಪರೀಕ್ಷಾಕ್ಕ,” ಅಂದ.

“ಕೂಡು,” ಅಂದರು ಅಪ್ಪ.