ಹಟ್ಟಿ ಅಂದರೆ ಯಾವ ಹಟ್ಟಿ?

"ಯವ್ವಾ, ನಿಮ್ಮ ಆಡು ಕಂದ ಹಾಕ್ಯಾವೇನು?"

ಹೋದ ತಿಂಗಳು ರಾಯಚೂರಿನಲ್ಲಿ ಡಾಕ್ಟರೊಬ್ಬರು ನನ್ನ ಅಕ್ಕ ದುರುಗಮ್ಮನಿಗೆ ಕೇಳಿದ ಮೊದಲ ಪ್ರಶ್ನೆ ಇದು. (ಪೇಟೆಯ ಓದುಗರಿಗೆ ಒಂದು ಮಾತು: ಕಂದ ಹಾಕುವುದು ಅಂದರೆ ಆಡು, ದನ ದಿನ ತುಂಬುವ ಮೊದಲೇ ಸತ್ತ ಮರಿ ಹಾಕುವುದು.) ಬೆನ್ನುನೋವು, ಬಿಟ್ಟು ಬಿಟ್ಟು ಬರುವ ಜ್ವರ ಅಂತ ಹೋದರೆ ಆಡಿನ ಸುದ್ದಿ ಯಾಕೆ? ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಉತ್ತರ ಕೊಟ್ಟಳು.

"ಹಾಕ್ಯಾವ್ರಿ. ನಮ್ಮ ಸರೋಜಾ ತೊಟ್ಟಿಲದಾಗ ಇದ್ದಾಗ ನಾಕು ಆಡು ಹಾಕಿದ್ವು. ನಾನ ಕೈ ಹಾಕಿ ತಗದೀನಿ."

"ಹಸೀ ಹಾಲು ಕುಡೀತಿದ್ರೇನು?"

"ಹೂಂನ್ರಿ. ಕೂಸಿಗೆ ಎದಿಹಾಲು ಕುಡಿಸಾಕಿ, ತಾಕತ್ತು ಬೇಕು ಅಂತ ಅತ್ತಿ ಕೊಡ್ತಿದ್ಲು."

ಡಾಕ್ಟರು ಸಿಂಧನೂರು ಕಡೆಯವರು. ಎಂಟು ವರ್ಷದ ಹಿಂದಿನ ಎಕ್ಸ್‌ರೇ ಒಂದು ಕೈಯಲ್ಲಿ, ಅವತ್ತು ತೆಗೆಸಿದ ಹೊಸದು ಇನ್ನೊಂದು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದರು. ಹಳೆಯದರಲ್ಲಿ ಬೆನ್ನಿನ ಒಂದು ಮಣಿಯ ಮುಂದಿನ ಮೂಲೆ ಇಲಿ ಕಡಿದ ಹಾಗೆ ಹೋಗಿತ್ತು. ಹೊಸದರಲ್ಲಿ ಅದೇ ಮೂಲೆಯಿಂದ ಗಿಣಿಯ ಕೊಕ್ಕಿನ ಹಾಗೆ ಎಲುಬು ಬೆಳೆದು ಬಾಗಿತ್ತು.

"ಟಿಬಿ ಆದ್ರ ಹೆಚ್ಚಾಗಿ ಮಣಿ ಕುಸೀತದ, ಬೆನ್ನು ಗೂನು ಬೀಳ್ತದ. ಇದು ಬ್ಯಾರೆ ಕಾಣಸ್ತದ" ಅಂದರು. "ಆದ್ರ ಫೋಟೋ ನೋಡಿ ಖಾತ್ರಿ ಹೇಳಾಕ ಬರೂದಿಲ್ಲ. ಎಲುಬಿಗೆ ಹುಳ ಹತ್ಯಾದ ಅಂತ ಫೋಟೋ ಹೇಳ್ತದ. ಯಾವ ಹುಳ ಅಂತ ಹೇಳೂದಿಲ್ಲ. ಅದನ್ನ ಕೇಳಿ ತಿಳ್ಕೋಬೇಕು, ರಕ್ತ ನೋಡಬೇಕು."

ರಕ್ತ ಹೈದರಾಬಾದಿಗೆ ಹೋಯಿತು. ಹೋದ ವಾರ ರಿಪೋರ್ಟ್ ಬಂತು. ಬ್ರುಸೆಲ್ಲೋಸಿಸ್. ಕಂದ ಹಾಕಿದ ಆಡಿನಿಂದ, ಅದರ ಹಸಿ ಹಾಲಿನಿಂದ ಮನುಷ್ಯರಿಗೆ ಬರುವ ರೋಗ. ಔಷಧ ಇದೆ. ಎಂಟು ವರ್ಷದ ಹಿಂದೆಯೂ ಇತ್ತು.

"ಮೊದಲಿನ ಡಾಕ್ಟರು ಆಡಿನ ವಿಚಾರ ಕೇಳಲಿಲ್ಲೇನ್ರೀ?" ರಿಪೋರ್ಟ್ ಕೈಗೆ ಕೊಡುತ್ತ ಸಿಂಧನೂರು ಡಾಕ್ಟರು ನನ್ನನ್ನು ಕೇಳಿದರು.

"ಇಲ್ರೀ" ಅಂದೆ.

ಸುಳ್ಳು ಹೇಳಿದೆ. ಕೇಳಿದ್ದರು.

ಅದು ಎಮರ್ಜೆನ್ಸಿ ಮುಗಿದ ಮರುವರ್ಷ. ಅಕ್ಕನನ್ನು ಮಾನ್ವಿ ತಾಲ್ಲೂಕಿನ ಬಾಗಲವಾಡಕ್ಕೆ ಕೊಟ್ಟಿದ್ದೆವು. ಮಗಳು ಸರೋಜಾಗೆ ಒಂದು ವರ್ಷ. ಸಂಜೆಯಾದರೆ ಅಕ್ಕನಿಗೆ ಜ್ವರ, ಮೈಯೆಲ್ಲ ಬೆವರು, ಬಗ್ಗಿದರೆ ಏಳಲಾಗದ ಬೆನ್ನುನೋವು. ರಾಯಚೂರಿಗೆ ಕರೆತಂದೆವು. ಅಪ್ಪ, ಅವ್ವ ದೇವದುರ್ಗದ ಹತ್ತಿರದ ಹಳ್ಳಿಯಲ್ಲಿ ಕೂಲಿ ಮಾಡುವವರು. ಮನೆಯಲ್ಲಿ ಪಿಯುಸಿ ತನಕ ಹೋದವನು ನಾನೊಬ್ಬನೇ. ಹಾಗಾಗಿ ರೋಗ ಅಕ್ಕನದು, ಬಾಯಿ ನನ್ನದು. ಎಲ್ಲಿ ನೋವು ಅಂತ ಅವಳನ್ನು ಕೇಳಿದರೂ ನಾನೇ ಹೇಳುತ್ತಿದ್ದೆ.

ಅವತ್ತಿನ ಡಾಕ್ಟರು ಮಂಗಳೂರು ಕಡೆಯವರು. ಮೆತ್ತಗಿನ ಮನುಷ್ಯ. ಅವರ ಕನ್ನಡ ರೇಡಿಯೋ ವಾರ್ತೆಯ ಹಾಗೆ ಕೇಳುತ್ತಿತ್ತು. ಎಕ್ಸ್‌ರೇಯನ್ನು ತುಂಬ ಹೊತ್ತು ನೋಡಿದರು. ಮಣಿಯ ಮೂಲೆ ಅವರಿಗೂ ಅನುಮಾನ ತಂದಿರಬೇಕು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಹಟ್ಟಿಯಲ್ಲಿ ಗರ್ಭಪಾತ ಏನಾದರೂ ಆಗಿತ್ತಾ?"

ರಾಯಚೂರು ಜಿಲ್ಲೆಯವರಿಗೆ ಹಟ್ಟಿ ಅಂದರೆ ಒಂದೇ ಹಟ್ಟಿ. ಚಿನ್ನದ ಗಣಿಯ ಊರು, ಗಣಿಯ ಆಸ್ಪತ್ರೆ ಇರುವ ಊರು. ನನಗೆ ಕೇಳಿಸಿದ್ದು ಇಷ್ಟು: ನಿಮ್ಮ ಅಕ್ಕನನ್ನು ಹಟ್ಟಿಗೆ ಕರೆದುಕೊಂಡು ಹೋಗಿ ಬಸಿರು ತೆಗೆಸಿದ್ದೀರಾ? ಅದೂ ಅವಳ ಗಂಡನ ಎದುರಿಗೆ. ಅವನು ಒಮ್ಮೆಲೆ ಅಕ್ಕನ ಮುಖ ನೋಡಿದ. ಅಕ್ಕ ನೆಲ ನೋಡಿದಳು. ನನಗೆ ಮೈಯೆಲ್ಲ ಉರಿಯಿತು.

"ನಾವು ಕೂಲಿ ಮಾಡಾವ್ರು ಇರಬಹುದ್ರೀ, ಆದ್ರ ಮರ್ಯಾದಿ ಅದ. ನಮ್ಮ ಮನ್ಯಾಗ ಅಂಥಾದ್ದು ಏನೂ ಆಗಿಲ್ಲ."

ಡಾಕ್ಟರು ತಬ್ಬಿಬ್ಬಾದರು. ಮತ್ತೆ ಕೇಳಲಿಲ್ಲ. ಬೆನ್ನುಮೂಳೆಯ ಟಿಬಿ ಅಂತ ಬರೆದರು. ಅವರ ತಪ್ಪೇನು? ಆಡನ್ನು ಬಿಟ್ಟು ಓದಿದರೆ ಆ ಎಕ್ಸ್‌ರೇ ಯಾರಿಗಾದರೂ ಟಿಬಿಯೇ.

ಟಿಬಿ ಸೂಜಿ ಶುರುವಾಯಿತು. ಜ್ವರ ಇಳಿಯಿತು. (ಆ ಸೂಜಿ ಈ ರೋಗಕ್ಕೂ ಅರ್ಧಂಬರ್ಧ ಕೆಲಸ ಮಾಡುತ್ತದಂತೆ, ಈಗ ಗೊತ್ತಾಯಿತು.) ಇಳಿದದ್ದು ನೋಡಿ ಎಲ್ಲರೂ ಟಿಬಿಯೇ ಅಂತ ನಂಬಿದೆವು. ಸೂಜಿ ಮುಗಿದ ಮೇಲೆ ಜ್ವರ ತಿರುಗಿ ಬಂತು. ಆಗ ಬಾಗಲವಾಡದಲ್ಲಿ ಅತ್ತೆ ಕೂಸನ್ನು ಅಕ್ಕನ ಮಡಿಲಿನಿಂದ ಎತ್ತಿಕೊಂಡಳು. "ಕೂಸಿಗೆ ಹತ್ತತದ, ನೀ ತವರಿಗೆ ಹೋಗು" ಅಂದಳು. ಬೆನ್ನಿನ ಟಿಬಿ ಹಾಗೆ ಹತ್ತುವುದಿಲ್ಲ ಅಂತ ಹೇಳಿದರೆ ಯಾರು ಕೇಳುತ್ತಾರೆ? ಎರಡು ವರ್ಷಕ್ಕೆ ಗಂಡ ಇನ್ನೊಂದು ಮದುವೆ ಮಾಡಿಕೊಂಡ. ಅಕ್ಕ ನನ್ನ ಮನೆಗೆ ಬಂದಳು.

ಒಮ್ಮೆ ಮಾನ್ವಿ ಸಂತೆಯಲ್ಲಿ ಸರೋಜಾ ಕಂಡಳು. ಆಗ ಅವಳಿಗೆ ಐದು ವರ್ಷ. ಅಕ್ಕ ಬಳೆ ಕೊಡಿಸಲು ಕೈ ಚಾಚಿದಳು. ಹುಡುಗಿ ಚಿಗವ್ವನ, ಅಂದರೆ ಅಪ್ಪನ ಹೊಸ ಹೆಂಡತಿಯ, ಸೀರೆಯ ಹಿಂದೆ ಸರಿದು ಲಂಗದ ಅಂಚಿನಿಂದ ಮೂಗು ಮುಚ್ಚಿಕೊಂಡಳು. ಹಾಗೆ ಮಾಡಬೇಕು ಅಂತ ಕಲಿಸಿದ್ದರು. ಅಕ್ಕ ಬಳೆಗಾರನಿಗೆ ಬಳೆ ವಾಪಸು ಕೊಟ್ಟಳು. ಬಸ್ಸಿನಲ್ಲಿ ಬರುವಾಗ ಅವಳ ಪಕ್ಕದಲ್ಲಿ ಕೂರಲು ನನಗೆ ಆಗಲಿಲ್ಲ, ನಿಂತೇ ಬಂದೆ.

ಎರಡು ವರ್ಷದ ಹಿಂದೆ ನಮ್ಮ ಆಫೀಸಿಗೆ ಉಡುಪಿ ಕಡೆಯವರೊಬ್ಬರು ವರ್ಗವಾಗಿ ಬಂದರು. ಊರಲ್ಲಿ ಹಟ್ಟಿ ತುಂಬ ದನ ಇದ್ದಾವೆ ಅಂದರು. ಗಣಿಯೊಳಗೆ ದನ ಹೇಗೆ ಇಳಿಸಿದಿರಿ ಅಂತ ನಾನು ತಮಾಷೆ ಮಾಡಿದೆ, ಆಫೀಸೆಲ್ಲ ನಕ್ಕಿತು. ಅವರ ಕಡೆ ಹಟ್ಟಿ ಅಂದರೆ ದನ, ಆಡು ಕಟ್ಟುವ ಕೊಟ್ಟಿಗೆಯಂತೆ. ಅವತ್ತು ನನಗೆ ಆ ಡಾಕ್ಟರ ನೆನಪೇ ಆಗಲಿಲ್ಲ. ನೆನಪಾದದ್ದು ಹೋದ ತಿಂಗಳು, ಆ ಕಿಟಕಿಯ ಮುಂದೆ, ಎರಡೂ ಎಕ್ಸ್‌ರೇ ನೋಡುತ್ತ ನಿಂತಾಗ.

ನಾನು ಕಾಪಾಡಿದ ಮರ್ಯಾದೆಯಿಂದ ಯಾರಿಗೆ ಏನು ಸಿಕ್ಕಿತು?

ರಿಪೋರ್ಟ್ ಓದಿ ಹೇಳಿದ ದಿನ ಅಕ್ಕ ಅಳಲಿಲ್ಲ. ಅಕ್ಕಿ ಆರಿಸುತ್ತಿದ್ದಳು.

"ಹಂಗಾರ ನಂದು ಟಿಬಿ ಅಲ್ಲ?"

"ಅಲ್ಲ."

"ಸರೋಜಾಗ ಹತ್ತತಿದ್ದಿಲ್ಲ?"

"ಇಲ್ಲ."

"ಬಾಗಲವಾಡಕ್ಕ ಒಂದ್ಸಲ ಹೇಳಿ ಕಳಸು, ತಮ್ಮ. ಮೂಗು ಮುಚ್ಚಿಕೊಳ್ಳೂದು ಬ್ಯಾಡ ಅಂತ ಅಷ್ಟ ಹೇಳು." ಅಕ್ಕಿಯಿಂದ ಒಂದು ಕಲ್ಲು ಆರಿಸಿ ಎಸೆದು ಅಂದಳು, "ಆ ಮಂಗಳೂರು ಡಾಕ್ಟರ್‌ಗೆ ಆಡಿನ ಒಂದು ಮಾತು ಕೇಳಾಕ ಏನಾಗಿತ್ತು?"

ಕೇಳಿದ್ದರು ಅಂತ ಅವಳಿಗಾದರೂ ಹೇಳಬೇಕಿತ್ತು. ಎಂಟು ವರ್ಷದಿಂದ ಅವಳ ಪರವಾಗಿ ಮಾತಾಡುತ್ತಿದ್ದ ಬಾಯಿ ಅವತ್ತು ತೆರೆಯಲಿಲ್ಲ.

ಅಕ್ಕನಿಗೆ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆ ಇಷ್ಟು ಬರೆದೆ.