ಫಾಸ್ಫೈಟ್ ನಾತ ಮತ್ತು ಪಕ್ಕದ ಸೀಟು

ಗುಂಡ್ಲುಪೇಟೆಯ ನನ್ನ ಬಾಡಿಗೆ ಮನೆಯಲ್ಲಿ ಮಾತಾಡಲು ಇನ್ನೊಂದು ಜೀವವಿಲ್ಲ. ಹಾಗಾಗಿ, ಪಾಠ ಮಾಡುವ ಚಾಮರಾಜನಗರದ ಕಾಲೇಜಿನಿಂದ ಸಂಜೆ ವಾಪಸು ಬರುವ ಬಸ್ಸೇ ನನ್ನ ಹರಟೆಕಟ್ಟೆ. ಪಕ್ಕದಲ್ಲಿ ಯಾರಾದರೂ ಕೂತು, ಯಾವೂರು ಎಂದು ಕೇಳಿದರೂ ಸಾಕು, ಅವತ್ತು ಊಟ ರುಚಿಸುತ್ತಿತ್ತು.

ಪಿಎಚ್.ಡಿ.ಗೆಂದು ಫಾಸ್ಫೈಟ್ ಎಂಬ ರಂಜಕದ ಸಂಯುಕ್ತ ಹಿಡಿದ ಮೇಲೆ ಅದೂ ಹೋಯಿತು. ಪಾಠ ಮುಗಿಸಿ ಲ್ಯಾಬಿನಲ್ಲಿ ಫಾಸ್ಫೈಟಿಗೆ ಬ್ರೋಮಿನ್ ಇರುವ ಸಂಯುಕ್ತ ಬೆರೆಸಿ ಗಂಟೆಗಟ್ಟಲೆ ಕಾಯಿಸುತ್ತಿದ್ದೆ. ಬ್ರೋಮಿನ್ ಜಾಗ ಬಿಟ್ಟುಹೋಗಬೇಕು, ರಂಜಕ ಬಂದು ಇಂಗಾಲದ ಕೈ ಹಿಡಿಯಬೇಕು. ಫ್ಲಾಸ್ಕಿನೊಳಗೆ ಅದು ಹಿಡಿಯಿತೋ ಇಲ್ಲವೋ, ನಾತ ಮಾತ್ರ ನನ್ನನ್ನು ಹಿಡಿದುಕೊಂಡಿತು. ಥೂ, ಎಂಥ ನಾತ! ಸೋಪು, ನಿಂಬೆಹಣ್ಣು, ಯಾವುದಕ್ಕೂ ಜಗ್ಗಲಿಲ್ಲ. ಬಸ್ಸು ಕಿಕ್ಕಿರಿದಿದ್ದರೂ ನನ್ನ ಪಕ್ಕದ ಸೀಟು ಖಾಲಿ. ಕೂತವರೂ ಮೂಗಿಗೆ ಸೆರಗು ಹಿಡಿದು ಎದ್ದುಹೋಗುತ್ತಿದ್ದರು. ಹೋಗ್ರಯ್ಯಾ ಎಂದು ಕಿಟಕಿ ಕಡೆ ತಿರುಗಿ ಬೈದುಕೊಳ್ಳುತ್ತಿದ್ದೆ. ಬೈದರೇನು, ಅಳು ಬರುತ್ತಿತ್ತು.

ಒಂದು ಸಂಜೆ ನಡುದಾರಿಯಲ್ಲಿ ಹತ್ತಿದ ಹೆಂಗಸೊಬ್ಬಳು ಸೀದಾ ಬಂದು ನನ್ನ ಪಕ್ಕ ಕೂತಳು. ಸೀರೆಯ ಮೇಲೆ ಗಂಡಸಿನ ಶರಟು. ಅವಳಿಂದಲೂ ನಾತ, ಚೆಂಡುಹೂವಿನ ಹೊಲಕ್ಕೆ ಹೊಡೆಯುವ ಔಷಧಿಯದು. ಅದರಲ್ಲೂ ಇರುವುದು ನಮ್ಮ ರಂಜಕವೇ. ಲ್ಯಾಬಿನ ಕಲೆಗೆ ಹೆದರಿ ನಾನೂ ಸೀರೆಯ ಮೇಲೆ ಅಣ್ಣನ ಹಳೇ ಶರಟು ತೊಟ್ಟಿದ್ದೆ.

ಅವಳು ನನ್ನನ್ನು ಮೂಸಿ ನಕ್ಕಳು. “ನೀನೂ ಔಸ್ದಿ ಒಡ್ಯಾಕೆ ಓಗಿದ್ದೇನಮ್ಮಿ?”

ವಿವರಿಸುವ ಮನಸ್ಸಾಗಲಿಲ್ಲ. ಎದ್ದುಹೋದರೆ ಏನು ಗತಿ! “ಊಂ ಕಣಕ್ಕ” ಎಂದೆ.

“ಕಣ್ಣು ಕೆಂಪಾಗವೆ. ಗಾಳಿಗೆ ಎದ್ರಾಗಿ ಒಡೀಬ್ಯಾಡ ಕಣಮ್ಮಿ. ನಮ್ ಪಕ್ಕ ಯಾರೂ ಕೂರಲ್ಲ, ಬುಡು. ನಾವಿಬ್ರೂ ಕೂರನ.”

ಅವಳ ಮಗಳ ಬಾಣಂತನ, ಅವಳದೇ ಸೊಂಟನೋವು, ತೆರಕಣಾಂಬಿ ಬರುವವರೆಗೂ ಮಾತೇ ಮಾತು. ಇಳಿಯುವಾಗ, “ನಾಳೀಕೂ ಇದೇ ಬಸ್ಸು ಕಣಮ್ಮಿ, ಜಾಗ ಇಡ್ಕೊಂಡಿರು” ಎಂದಳು. ಅವತ್ತು ಹೊಟ್ಟೆತುಂಬ ಉಂಡೆ.

ಮಾರನೆಯ ದಿನ ನನಗೆ ಪರೀಕ್ಷೆ ಡ್ಯೂಟಿ. ಲ್ಯಾಬಿಲ್ಲ, ಶರಟಿಲ್ಲ, ಅಷ್ಟು ನಾತವೂ ಇಲ್ಲ. ಗಂಜಿ ಹಾಕಿದ ಸೀರೆ, ಕೊರಳಲ್ಲಿ ಕಾಲೇಜಿನ ಐಡಿ ಕಾರ್ಡು. ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು ಕಾದೆ. ಕೇಳಿದವರಿಗೆಲ್ಲ, ಜನ ಬರ್ತಾರೆ ಎಂದು ಜಂಬದಿಂದ ಹೇಳಿದೆ. ಅವಳು ಹತ್ತಿದ ಕೂಡಲೇ ಬ್ಯಾಗು ತೆಗೆದು, “ಬಾಕ್ಕ, ಕೂತ್ಕೋ” ಎಂದೆ.

ಅವಳು ನನ್ನ ಸೀರೆ ನೋಡಿದಳು, ಕಾರ್ಡು ನೋಡಿದಳು. ನಾಲಗೆ ಕಚ್ಚಿಕೊಂಡಳು.

“ಅಯ್ಯೋ, ನೀವ್ ಮೇಡಮ್ಮೋರಾ! ತಪ್ಪಾಯ್ತು ಕಣವ್ವ. ನೀವು ಕೂತ್ಕಳಿ, ನಾನು ನಾರ್ತಾ ಇವ್ನಿ.”

ಕೈ ಹಿಡಿದು ಎಳೆದೆ, ಬರಲಿಲ್ಲ. ಖಾಲಿ ಸೀಟಿನ ಪಕ್ಕ ಕಂಬಿ ಹಿಡಿದು, ತೆರಕಣಾಂಬಿವರೆಗೂ ನಿಂತೇ ಇದ್ದಳು.