ಕಾಯಿಲೆಯವರ ಬಸ್ಸು

ಆ ಬಸ್ಸನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಪ್ರತಿ ವರ್ಷ ಸೆಪ್ಟೆಂಬರಿನ ಒಂದು ಭಾನುವಾರ ಅದು ನೆರೂಳದ ನಮ್ಮ ಸೆಕ್ಟರಿನ ಮೂಲೆಗೆ ಬಂದು ನಿಲ್ಲುತ್ತಿತ್ತು. ಸುತ್ತಮುತ್ತಲಿನ ಕೆಲವು ಇಗರ್ಜಿಗಳ ಹೆಂಗಸರು ಸೇರಿ ರೋಗಿಗಳನ್ನೂ ಅಂಗವಿಕಲರನ್ನೂ ಅದರಲ್ಲಿ ತುಂಬಿಸಿ, ವಸಾಯಿ ಕಡೆಯ ಒಂದು ದೇವಮಾತೆಯ ಇಗರ್ಜಿಗೆ ಯಾತ್ರೆ ಹೊರಡಿಸುತ್ತಿದ್ದರು. ಹತ್ತುವಾಗಲೇ ಎದೆಗೆ ಬ್ಯಾಡ್ಜ್ ಚುಚ್ಚುತ್ತಿದ್ದರು. ಕಾಯಿಲೆಯವರಿಗೆ ಹಳದಿ, ಜೊತೆಗೆ ಬಂದವರಿಗೆ ನೀಲಿ. ನನಗೆ ಹಳದಿ, ಅಮ್ಮನಿಗೆ ನೀಲಿ.

ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಎರಡು ವರ್ಷದವಳಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿತ್ತು, ಅಷ್ಟೇ. ಆ ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ದಿನಾ ಸ್ಟೇಷನ್ನಿನ ಮೆಟ್ಟಿಲು ಹತ್ತಿಳಿದು, ಲೋಕಲ್ ಹಿಡಿದು, ಘಣಸೋಲಿಯ ಆಫೀಸಿಗೆ ಹೋಗಿ ಬರುತ್ತಿದ್ದೆ. ಗರ್ದಿಯಲ್ಲಿ ಸೀಟಿಗಾಗಿ ಜಗಳವನ್ನೂ ಆಡುತ್ತಿದ್ದೆ. ಆದರೆ ಆ ಹಳದಿ ಬ್ಯಾಡ್ಜ್ ಬಿದ್ದ ಕೂಡಲೇ ಸ್ವಯಂಸೇವಕಿಯರು ನನ್ನನ್ನು ಗಾಲಿಕುರ್ಚಿಗೆ ದಬ್ಬುತ್ತಿದ್ದರು. ನನ್ನ ತಲೆಯ ಮೇಲಿಂದ ಅಮ್ಮನನ್ನು ಕೇಳುತ್ತಿದ್ದರು, "ಆಂಟಿ, ಇನ್ಕೋ ಚಾಯ್ ಚಲೇಗಾ ಕ್ಯಾ?" ಚಾ ಕುಡಿಯುವ ಬಾಯಿ ನನ್ನದು, ಕೇಳುವುದು ಅಮ್ಮನನ್ನು. ಪರೋಪಕಾರಕ್ಕೆ ಹೊರಟವರ ಮುಖದ ಮೇಲಿರುತ್ತದಲ್ಲ, ಆ ನಗು, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಪ್ಪ ತೀರಿಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಮನೆಮಾತು ಕೊಂಕಣಿಯಾದರೂ ಅಮ್ಮ ಉಡುಪಿ ಕಡೆಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವಳು. ನನ್ನನ್ನು ಬೈಯುವಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದಳು. ಬರಬರುತ್ತಾ ನಮ್ಮ ಮನೆಯಲ್ಲಿ ಕನ್ನಡವೇ ಜಾಸ್ತಿಯಾಯಿತು.

ಆ ಇಗರ್ಜಿಯ ಹೊರಗೆ ಸಾಲಾಗಿ ಮೇಣದ ಅಂಗಡಿಗಳು. ಯಾವ ಅಂಗಕ್ಕೆ ನೋವೋ ಆ ಅಂಗವನ್ನು ಮೇಣದಲ್ಲಿ ಕೊಂಡು ದೇವಮಾತೆಯ ಮುಂದಿಡಬೇಕು. ಕೈ, ಕಾಲು, ಕಣ್ಣು, ತಲೆ, ಮಕ್ಕಳಾಗದವರಿಗೆ ಕೂಸು. ಅಮ್ಮ ಮೊದಲ ಮೂರು ವರ್ಷವೂ ನನಗೊಂದು ಕಾಲು ಕೊಂಡಳು. ಎಡದ್ದೋ ಬಲದ್ದೋ ಎಂದು ಅಂಗಡಿಯವಳನ್ನು ಕೇಳಿ, ನಾನು ನೋಡುತ್ತಿರುವಾಗಲೇ ತಿರುಗಿಸಿ ತಿರುಗಿಸಿ ಪರೀಕ್ಷೆ ಮಾಡಿ ಕೊಂಡಳು. ಸಾಯಂಕಾಲ ಆ ಕಾಲುಗಳನ್ನೆಲ್ಲ ಕರಗಿಸಿ ಮತ್ತೆ ಅಚ್ಚಿಗೆ ಹೊಯ್ಯುತ್ತಾರೆಂದು ನನಗೆ ಗುಮಾನಿ. ಹಾಗೆಂದದ್ದಕ್ಕೆ ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು.

ನಾಲ್ಕನೆಯ ವರ್ಷ, ಇದೇ ಕೊನೆ ಎಂದು ಮೊದಲೇ ಹೇಳಿ ಬಸ್ಸು ಹತ್ತಿದೆ. ಘೋಡಬಂದರ್ ರಸ್ತೆಯಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿ ಬಸ್ಸು ಒಂದೂವರೆ ಗಂಟೆ ಅಲುಗಾಡಲಿಲ್ಲ. ಮುಂದಿನ ಸೀಟಿನ ಸ್ವಯಂಸೇವಕಿ ಮೈಕು ಹಿಡಿದು ಜಪಸರದ ಮೇಲೆ ಜಪಸರ ಹೇಳಿಸಿದಳು. ಇಳಿಯುವಷ್ಟರಲ್ಲಿ ನನಗೆ ಯಾರನ್ನಾದರೂ ಕಚ್ಚಬೇಕೆನಿಸುತ್ತಿತ್ತು.

ಅಂಗಡಿಯ ಮುಂದೆ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, "ಈ ಸಲ ಕಾಲು ತಕ್ಕೊಂಡ್ರೆ ನಾನು ಇಲ್ಲಿಂದಲೇ ರಿಕ್ಷಾ ಹತ್ತಿ ಹೋಗ್ತೇನೆ."

"ತಕ್ಕೊಳ್ಳುದಿಲ್ಲ ಮಾರಾಯ್ತಿ. ಬೊಬ್ಬೆ ಹಾಕ್ಬೇಡ. ನೀನು ಒಳಗೆ ಹೋಗು, ನಾನು ಮೊಂಬತ್ತಿ ತಕ್ಕೊಂಡು ಬರ್ತೇನೆ," ಎಂದಳು ಅಮ್ಮ. ಅಷ್ಟು ಸುಲಭವಾಗಿ ಸೋತಳಲ್ಲ ಎಂದು ನನಗೆ ಖುಷಿಯಾಯಿತು.

ಪೂಜೆಯಾದ ಮೇಲೆ ಕಾಯಿಲೆಯವರ ಹಣೆಗೂ ಅಂಗೈಗೂ ಪಾದ್ರಿ ಪವಿತ್ರ ಎಣ್ಣೆ ಹಚ್ಚುವುದು ಪದ್ಧತಿ. ಹಳದಿಯವರನ್ನು ಕುರ್ಚಿಗಳಲ್ಲಿ ಸಾಲಾಗಿ ಕೂರಿಸಿ, ನೀಲಿಯವರನ್ನು ಹಿಂದೆ ನಿಲ್ಲಿಸುತ್ತಿದ್ದರು. ಎಣ್ಣೆ ಹಳದಿಯವರಿಗೆ ಮಾತ್ರ. ಪಾದ್ರಿ ಇನ್ನೂ ನಾಲ್ಕು ಕುರ್ಚಿ ದೂರವಿದ್ದಾಗ ಸ್ವಯಂಸೇವಕಿಯೊಬ್ಬಳು ಬಂದು, ಕೇಳದೆ ಮಾಡದೆ, ನನ್ನ ಎರಡೂ ಅಂಗೈಗಳನ್ನು ತಿರುಗಿಸಿ ತೊಡೆಯ ಮೇಲಿಟ್ಟಳು. ನನ್ನ ಕೈ! ಏನೂ ಆಗದ, ಸರಿಯಾಗಿಯೇ ಇರುವ ನನ್ನ ಕೈ! ಎದ್ದು ನಿಂತೆ. ಬ್ಯಾಡ್ಜ್ ಕಿತ್ತು ಅಮ್ಮನ ಕೈಗೆ ತುರುಕಿದೆ.

"ಅಷ್ಟು ಆಸೆ ಇದ್ರೆ ನೀನೇ ಕೂತ್ಕೋ. ನನಗೆ ಎಂತದೂ ಆಗ್ಲಿಲ್ಲ."

ಬೈಯುತ್ತಾಳೆಂದುಕೊಂಡೆ. ಅವಳು ಬೈಯಲಿಲ್ಲ. ನೀಲಿ ಬ್ಯಾಡ್ಜ್ ತೆಗೆದು, ಹಳದಿಯದನ್ನು ಸೆರಗಿಗೆ ಚುಚ್ಚಿಕೊಂಡು, ನನ್ನ ಕುರ್ಚಿಯಲ್ಲಿ ಕೂತಳು.

"ಎಂತ ನಾಟಕ ಅಮ್ಮ ಇದು? ಏಳು," ಎಂದೆ ಹಲ್ಲು ಕಚ್ಚಿ.

ಅವಳು ಚೀಲದಿಂದ ಪೇಪರಿನ ಪೊಟ್ಟಣ ತೆಗೆದು ಮಡಿಲಲ್ಲಿ ಬಿಡಿಸಿದಳು. ನಾನು ಒಳಗೆ ಹೋದ ಮೇಲೆ ಕೊಂಡದ್ದು. ಕಾಲಲ್ಲ, ಹೆಂಗಸಿನ ಎದೆ. ಅದರ ಎಡ ಮೊಲೆಯ ಮೇಲೆ ಬೆರಳಿಟ್ಟು ತೋರಿಸಿದಳು.

"ಇಲ್ಲಿ ಗಂಟು ಉಂಟು."

"ಯಾವಾಗಿಂದ?"

"ಆಗಿರ್ಬೇಕು ಒಂದು ವರ್ಷ."

"ಡಾಕ್ಟರಿಗೆ?"

"ತೋರಿಸ್ಲಿಲ್ಲ. ನಂದೂ ಶುರುವಾಯ್ತು ಅಂದ್ರೆ ನಿನ್ನನ್ನು ನೋಡುದು ಯಾರು?"

ನನಗೆ ಅಳು ಬರಲಿಲ್ಲ. ಸಿಟ್ಟೇ ಬಂತು. ಆಸ್ಪತ್ರೆ ಬಿಟ್ಟು ಮೇಣದ ಅಂಗಡಿಗೆ ಹೋದಳಲ್ಲ ಎಂದು ಅವಳ ಮೇಲೆ, ವರ್ಷಾ ವರ್ಷಾ ನನ್ನ ಚಾ ವಿಚಾರಿಸಿ ಅವಳನ್ನು ಒಂದು ಮಾತೂ ಕೇಳದ ಆ ನಗುಮುಖಗಳ ಮೇಲೆ, ನನ್ನನ್ನು ಯಾರೋ ನೋಡಿಕೊಳ್ಳಬೇಕೆಂದು ಅವಳ ತಲೆಗೆ ತುಂಬಿದ ಪ್ರಪಂಚದ ಮೇಲೆ. ಪಾದ್ರಿ ಬಂದು ಅವಳ ಹಣೆಗೆ ಎಣ್ಣೆ ಹಚ್ಚಿದರು. ಅವಳು ಅಂಗೈ ಚಾಚಿದಳು. ನಾನು ನೀಲಿಯವರ ಸಾಲಿನಲ್ಲಿ ಅವಳ ಕುರ್ಚಿಯ ಹಿಂದೆ ನಿಂತಿದ್ದೆ.

ಮರುದಿನ ರಜೆ ಹಾಕಿ, ಬೇಡ ಬೇಡ ಎನ್ನುವವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರು ಪರದೆಯ ಹಿಂದೆ ಅವಳನ್ನು ಪರೀಕ್ಷೆ ಮಾಡಿ ಬಂದು ಬಹಳ ಹೊತ್ತು ಕೈ ತೊಳೆದರು. ಎಡಗೈ ಮೇಲೆತ್ತಲೂ ಆಗುತ್ತಿಲ್ಲ, ಗೊತ್ತಿತ್ತೇ ಎಂದು ಕೇಳಿದರು. ನಾಲ್ಕು ತಿಂಗಳಿಂದ ಅವಳು ಮೇಲಿನ ಹಗ್ಗಕ್ಕೆ ಬಟ್ಟೆ ಹಾಕಲು ನನ್ನನ್ನು ಕರೆಯುತ್ತಿದ್ದಳು. ಕುಂಟಿ ಮಗಳ ಕೈಯಲ್ಲಿ ಕೆಲಸ ಮಾಡಿಸುತ್ತೀಯಲ್ಲ ಎಂದು, ಬೇಕೆಂದೇ ಚುಚ್ಚಿ, ನಾನು ಟಿ.ವಿ. ಮುಂದೆ ಕೂತೇ ಇರುತ್ತಿದ್ದೆ.

"ಘರ್ ಮೇ ಔರ್ ಕೌನ್ ಹೈ?" ಎಂದು ಸ್ವಲ್ಪ ಗದರಿಸಿಯೇ ಕೇಳಿದರು ಡಾಕ್ಟರು. "ಕಿಸೀನೇ ದೇಖಾ ನಹೀ?" ಇಷ್ಟು ದಿನ ಯಾರ ಕಣ್ಣಿಗೂ ಬೀಳಲಿಲ್ಲವೇ ಎಂದು.

ಮನೆಯಲ್ಲಿ ಇದ್ದವಳು ನಾನೊಬ್ಬಳೇ ಎಂದು ಹೇಳಿದೆ.